ಸೀಸನ್ ಮುಗಿದ ಮೇಲೆ ಆಟಗಾರ ಎಲ್ಲಿರುತ್ತಾನೆ?

ಪ್ರೊ ಕಬಡ್ಡಿ ಲೀಗ್‌ನ ಒಂದು ಇಡೀ ಸೀಸನ್ ನಮ್ಮ ವೈಟ್‌ಫೀಲ್ಡ್‌ನಲ್ಲೇ ನಡೆದಿತ್ತು ಅಂದರೆ ಕಾಡುಗೋಡಿಯ ಪಿ.ಜಿ.ಗಳಲ್ಲಿರುವ ಎಷ್ಟೋ ಗೆಳೆಯರು ನಂಬುವುದೇ ಇಲ್ಲ. ಆದರೆ ಅದು ನಿಜ. 2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ಎಂಟನೇ ಸೀಸನ್‌ನ ಎಲ್ಲ 137 ಪಂದ್ಯಗಳೂ ಇಲ್ಲಿನ ಶೆರಟನ್ ಗ್ರ್ಯಾಂಡ್ ಹೋಟೆಲ್‌ನ ಸಭಾಂಗಣದಲ್ಲಿ ನಡೆದವು. ಹನ್ನೆರಡು ತಂಡಗಳು ಒಂದೇ ಸೂರಿನಡಿ ಆಡಿದವು. ಕೋವಿಡ್ ಕಾಲವಾದ್ದರಿಂದ ಒಳಗೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಕಾಡುಗೋಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಡೆಯುತ್ತಿದ್ದ ಆಟವನ್ನು ಕಾಡುಗೋಡಿಯವರು ಮೊಬೈಲ್‌ನಲ್ಲಿ ನೋಡಿದರು.

ಆ ಸೀಸನ್‌ನ ಫೈನಲ್ ನೆನಪಿಸಿಕೊಳ್ಳಿ. ದಬಂಗ್ ಡೆಲ್ಲಿ ತಂಡ ಪಟ್ನಾ ಪೈರೇಟ್ಸ್ ತಂಡವನ್ನು 37–36ರಿಂದ ಸೋಲಿಸಿತು. ಬರೀ ಒಂದು ಅಂಕದ ಅಂತರ. ಸೋತ ಪಟ್ನಾ ತಂಡದ ನಾಯಕ ನಮ್ಮ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ಕನ್ನಡದ ಹುಡುಗನೊಬ್ಬ ಬೆಂಗಳೂರಿನ ನೆಲದಲ್ಲಿ ಫೈನಲ್ ಆಡುತ್ತಿದ್ದ. ಹೆಸರು ಹಿಡಿದು ಕೂಗಲು ಜನ ಇರಲಿಲ್ಲ. ನಮ್ಮ ಬೆಂಗಳೂರು ಬುಲ್ಸ್ ಅದೇ ಅಂಕಣದಲ್ಲಿ ಸೆಮಿಫೈನಲ್‌ನಲ್ಲಿ ಡೆಲ್ಲಿಗೆ 40–35ರಿಂದ ಸೋತು ಹೊರಬಿದ್ದಿತ್ತು. ಪವನ್ ಸೆಹ್ರಾವತ್ ಆ ಸೀಸನ್‌ನಲ್ಲಿ 300ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದ್ದರು.

ಅದು ಕೋವಿಡ್‌ನ ತಪ್ಪು, ಒಪ್ಪೋಣ. ಉಳಿದ ವರ್ಷಗಳ ಕಥೆ ಏನು? 2014ರಲ್ಲಿ ಲೀಗ್ ಶುರುವಾದಾಗ ಬುಲ್ಸ್ ತಂಡ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಆಡುತ್ತಿತ್ತು. 2017ರಲ್ಲಿ ತವರಿನ ಪಂದ್ಯಗಳು ನಾಗಪುರಕ್ಕೆ ಹೋದವು, 2018ರಲ್ಲಿ ಪುಣೆಗೆ. ತಮಾಷೆ ಏನೆಂದರೆ ಬುಲ್ಸ್ ಇದುವರೆಗೆ ಗೆದ್ದಿರುವ ಒಂದೇ ಒಂದು ಪ್ರಶಸ್ತಿ ಆ ಪುಣೆಯ ವರ್ಷದ್ದು. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರ ಗೆಲುವು. ಅದರಲ್ಲಿ 22 ಅಂಕ ಪವನ್ ಒಬ್ಬರದೇ. ಬೆಂಗಳೂರಿನ ಹೆಸರಿನ ತಂಡ ಚಾಂಪಿಯನ್ ಆಯಿತು, ಆದರೆ ಆ ಸೀಸನ್‌ನ ಒಂದು ಪಂದ್ಯವನ್ನೂ ಬೆಂಗಳೂರು ಕಣ್ಣಾರೆ ಕಾಣಲಿಲ್ಲ. ಮುಂದೆ 2019, 2022 ಮತ್ತು 2023ರಲ್ಲಿ ಕಂಠೀರವಕ್ಕೆ ಪಂದ್ಯಗಳು ಮರಳಿ ಬಂದವು. 2024ರಲ್ಲಿ ಲೀಗ್ ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ ಮುಗಿಯಿತು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಮತ್ತೆ ಬೆಂಗಳೂರಿಲ್ಲ.

ಲೀಗ್ ನಡೆಸುವವರ ಕಡೆಯಿಂದಲೂ ಒಂದು ಮಾತಿದೆ. ಹನ್ನೆರಡು ತಂಡಗಳನ್ನು ಹನ್ನೆರಡು ಊರುಗಳಿಗೆ ಸುತ್ತಿಸುವುದು ದುಬಾರಿ. ಮೂರು ನಾಲ್ಕು ಊರುಗಳಲ್ಲಿ ಮುಗಿಸಿದರೆ ಖರ್ಚೂ ಕಡಿಮೆ, ಆಟಗಾರರಿಗೆ ಪ್ರಯಾಣದ ದಣಿವೂ ಕಡಿಮೆ. ಟಿ.ವಿ.ಯಲ್ಲಿ ನೋಡುವವನಿಗೆ ಅಂಕಣ ಯಾವ ಊರಿನಲ್ಲಿದ್ದರೇನು? ಈ ಲೆಕ್ಕ ಸುಳ್ಳಲ್ಲ. ಆದರೆ ಕ್ಲಬ್ ಅನ್ನುವುದು ಊರಿನ ಹೆಸರನ್ನು ಎದೆಯ ಮೇಲೆ ಬರೆದುಕೊಂಡಿರುತ್ತದೆ. ಆ ಹೆಸರಿನಿಂದಲೇ ಅದಕ್ಕೆ ಅಭಿಮಾನಿಗಳು ಸಿಗುತ್ತಾರೆ, ಜಾಹೀರಾತು ಸಿಗುತ್ತದೆ. ಹೆಸರು ತೆಗೆದುಕೊಂಡ ಮೇಲೆ ವರ್ಷಕ್ಕೆ ಒಂದು ವಾರವಾದರೂ ಊರಿಗೆ ಬರಬೇಕು ಎಂದು ಕೇಳುವುದು ಅತಿಯಾಸೆಯಲ್ಲ. ಈಗ ಕಾಡುಗೋಡಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವಕ್ಕೆ ನಡೆದು ಹೋಗಬಹುದು. 2018ರಲ್ಲಿ ಈ ಸೌಕರ್ಯ ಇರಲಿಲ್ಲ. ಹೋಗುವ ದಾರಿ ಸಿದ್ಧವಾಯಿತು, ಪಂದ್ಯ ಮಾತ್ರ ಇಲ್ಲ.

ತವರಿನ ಪಂದ್ಯ ಅಂದರೆ ಗಲಾಟೆ, ಚಪ್ಪಾಳೆ ಮಾತ್ರ ಅಂದುಕೊಳ್ಳಬೇಡಿ. ಮ್ಯಾಟ್ ಹಾಸುವವರು, ಬೆಳಕಿನ ವ್ಯವಸ್ಥೆಯವರು, ಫಿಸಿಯೊಗಳು, ಅಂಕ ದಾಖಲಿಸುವವರು, ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವವರು, ಹೀಗೆ ಹತ್ತಾರು ಕೆಲಸಗಳು ಅದರ ಸುತ್ತ ಇವೆ. ದೈಹಿಕ ಶಿಕ್ಷಣ, ಪತ್ರಿಕೋದ್ಯಮ, ಈವೆಂಟ್ ಮ್ಯಾನೇಜ್‌ಮೆಂಟ್ ಓದುವವರಿಗೆ ಇದು ಕೈಯಾರೆ ಕಲಿಯುವ ಜಾಗ. ಪಂದ್ಯ ಬೇರೆ ಊರಿಗೆ ಹೋದರೆ ಆ ಕಲಿಕೆಯೂ ಬೇರೆ ಊರಿನ ಹುಡುಗರ ಪಾಲಾಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಒಂದು ಸೀಸನ್ ಎರಡರಿಂದ ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಆಟಗಾರ ಏನು ಮಾಡುತ್ತಾನೆ?

ಹರಾಜಿನ ದಿನ ನಮಗೆ ಕೋಟಿಗಳ ಸುದ್ದಿ ಮಾತ್ರ ಕೇಳಿಸುತ್ತದೆ. 2022ರಲ್ಲಿ ಪವನ್ ಅವರನ್ನು ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಅವರ ಸೀಸನ್ ಅಲ್ಲಿಗೇ ಮುಗಿಯಿತು. ಕೋಟಿ ಬೆಲೆಯ ಆಟಗಾರ ಹೇಗೋ ಎದ್ದು ಬರುತ್ತಾನೆ; ಅವರು ಬಂದರು ಕೂಡ. ಆದರೆ ಹರಾಜಿನಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಗಳಿವೆ. 2024ರಲ್ಲಿ ಎ ದರ್ಜೆಯ ಮೂಲಬೆಲೆ 30 ಲಕ್ಷ ರೂಪಾಯಿ, ಡಿ ದರ್ಜೆಯದ್ದು 9 ಲಕ್ಷ. ಆ ಕೊನೆಯ ದರ್ಜೆಯಲ್ಲಿ ಕೂತು ಯಾರಾದರೂ ಕೈ ಎತ್ತುತ್ತಾರಾ ಎಂದು ಕಾಯುವವನ ಮೊಣಕಾಲಿಗೆ ಪೆಟ್ಟು ಬಿದ್ದರೆ?

ಪ್ರದೀಪ್ ನರ್ವಾಲ್ ಅವರ ದಾರಿಯನ್ನೇ ನೋಡಿ. 2015ರಲ್ಲಿ ಅವರು ಪ್ರೊ ಕಬಡ್ಡಿಗೆ ಕಾಲಿಟ್ಟದ್ದು ನಮ್ಮ ಬುಲ್ಸ್ ತಂಡದಿಂದ. ಪಟ್ನಾಕ್ಕೆ ಹೋಗಿ ದೊಡ್ಡ ಹೆಸರು ಮಾಡಿದರು. 2021ರಲ್ಲಿ ಯು.ಪಿ. ಯೋಧಾ ಅವರಿಗೆ 1.65 ಕೋಟಿ ಕೊಟ್ಟಿತು. ಆಗ ಅದೇ ದಾಖಲೆ. 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ಅವರನ್ನು ಮರಳಿ ಕರೆತಂದು ನಾಯಕನನ್ನಾಗಿ ಮಾಡಿತು. ಆ ಸೀಸನ್‌ನಲ್ಲಿ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡೇ. ಪಟ್ಟಿಯಲ್ಲಿ ಕೊನೆಯ ಸ್ಥಾನ. 2025ರ ಹರಾಜಿನಲ್ಲಿ ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು, 1,800ಕ್ಕೂ ಮೀರಿ ರೈಡ್ ಅಂಕ ಗಳಿಸಿದ್ದ ಆ ಆಟಗಾರನನ್ನು ಯಾವ ತಂಡವೂ ಕೊಳ್ಳಲಿಲ್ಲ. ಅವರು ನಿವೃತ್ತಿ ಘೋಷಿಸಿದರು. ಇನ್ನೂ ಮೂವತ್ತು ದಾಟದ ವಯಸ್ಸು! ನಮ್ಮಲ್ಲಿ ಎಷ್ಟೋ ಜನ ಆ ವಯಸ್ಸಿಗೆ ಎರಡನೇ ಕಂಪನಿ ಸೇರುತ್ತಿರುತ್ತಾರೆ.

ಕ್ಲಬ್ ಮಾಡಿದ್ದು ಅನ್ಯಾಯ ಎಂದು ನಾನು ಹೇಳುವುದಿಲ್ಲ. ಗೆಲ್ಲಬೇಕಾದ ತಂಡ ಲೆಕ್ಕ ಹಾಕಲೇಬೇಕು. ಮರುವರ್ಷ ಬುಲ್ಸ್ ನಮ್ಮವರೇ ಆದ ಬಿ.ಸಿ. ರಮೇಶ್ ಅವರನ್ನು ಕೋಚ್ ಮಾಡಿಕೊಂಡು, ತಂಡವನ್ನು ಹೊಸದಾಗಿ ಕಟ್ಟಿ ಪ್ಲೇ ಆಫ್ ತಲುಪಿತು. ಅದಕ್ಕೂ ಮೊದಲು ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳನ್ನು ಚಾಂಪಿಯನ್ ಮಾಡಿದ್ದ ಅನುಭವ ಅವರದು. ನನ್ನ ಮಾತು ಇಷ್ಟೇ: ಒಂದು ಹರಾಜಿನ ಮೇಲೆ ಇಡೀ ಬದುಕು ನಿಲ್ಲಬಾರದು.

ಹಾಗೆ ನಿಲ್ಲದಿರಲು ಹಿಂದೆ ಒಂದು ದಾರಿ ಇತ್ತು: ನೌಕರಿ. ಕರ್ನಾಟಕದ ಕಬಡ್ಡಿ ಬಲ್ಲ ಹಿರಿಯರನ್ನು ಕೇಳಿದರೆ ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತಂಡಗಳ ಹೆಸರು ಹೇಳುತ್ತಾರೆ. ಬ್ಯಾಂಕು ಆಟಗಾರನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಆತ ಬ್ಯಾಂಕಿಗಾಗಿ ಆಡುತ್ತಿದ್ದ, ಆಟ ಮುಗಿದ ಮೇಲೆ ಕೌಂಟರ್‌ನಲ್ಲಿ ಕೂತು ಸಂಬಳ ಪಡೆಯುತ್ತಿದ್ದ. ಮೊದಲನೆಯದು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ, ಎರಡನೆಯದು 2017ರಲ್ಲಿ ಎಸ್‌ಬಿಐನಲ್ಲಿ ವಿಲೀನವಾದವು. ರೈಲ್ವೆ, ಪೊಲೀಸ್, ಸೇನೆ ಇಂದಿಗೂ ಆಟಗಾರರನ್ನು ಸಾಕುತ್ತಿವೆ. ಆದರೆ ಬೆಂಗಳೂರಿನಲ್ಲಿ ಕೆಲಸ ಎಲ್ಲಿದೆ ಎಂದರೆ ಎಲ್ಲರೂ ಬೆರಳು ತೋರಿಸುವುದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಗೆ. ಇಲ್ಲಿನ ಎಷ್ಟು ಕಂಪನಿಗಳಿಗೆ ಒಂದು ಕಬಡ್ಡಿ ತಂಡವಿದೆ?

ದುಡಿಮೆಗೂ ಆಟಕ್ಕೂ ಇರುವ ಈ ನಂಟು ನಮ್ಮ ಊರಿನದ್ದಷ್ಟೇ ಅಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ, ಗಣಿ ಕಾರ್ಮಿಕರು ಶನಿವಾರ ರಗ್ಬಿ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಕಳೆದುಹೋದ ಕೂಲಿಯನ್ನು ಕ್ಲಬ್ ತುಂಬಿಕೊಡಬೇಕು ಎಂದು ಅವರ ಕ್ಲಬ್‌ಗಳು ಕೇಳಿದವು. ರಗ್ಬಿಯ ದೊಡ್ಡವರು ಒಪ್ಪಲಿಲ್ಲ. ದುಡ್ಡಿಗಾಗಿ ಆಡುವುದು ಅವರ ದೃಷ್ಟಿಯಲ್ಲಿ ಕೀಳಾಗಿತ್ತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್‌ಗಳು ಸೇರಿ ಬೇರೆಯಾದವು. ಇವತ್ತಿನ ರಗ್ಬಿ ಲೀಗ್ ಹುಟ್ಟಿದ್ದು ಹಾಗೆ, ಒಂದು ದಿನದ ಕೂಲಿಯ ಜಗಳದಿಂದ. 1898ರಲ್ಲಿ ಅವರು ಆಟಕ್ಕೆ ಸಂಬಳ ಕೊಡಲು ಒಪ್ಪಿದರು, ಜೊತೆಗೆ ಒಂದು ಷರತ್ತನ್ನೂ ಹಾಕಿದರು: ಆಟಗಾರನಿಗೆ ಬೇರೆ ಒಂದು ಸರಿಯಾದ ಕೆಲಸ ಇರಲೇಬೇಕು. ಆ ಷರತ್ತು ಮುಂದೆ ಹೋಯಿತು. ಆದರೂ ಹೋಟೆಲ್ ಒಂದರಲ್ಲಿ ನೂರಾರು ಆಟಗಾರರನ್ನು ಎರಡು ತಿಂಗಳು ಇರಿಸಿ, ಸೀಸನ್ ಮುಗಿದ ಮೇಲೆ ಮನೆಗೆ ಕಳುಹಿಸುವ ನಮ್ಮ ಕಾಲಕ್ಕೆ ಅದರಲ್ಲಿ ಒಂದು ಪಾಠವಿದೆ ಅನ್ನಿಸುತ್ತದೆ.

ಕಂಪನಿಗಳು ಎರಡು ಕೆಲಸ ಮಾಡಬಹುದು. ಒಂದು, ಸಿಎಸ್ಆರ್ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಇದೆ. ಹಾಗಿದ್ದ ಮೇಲೆ ಕಾಡುಗೋಡಿಯ ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ಮ್ಯಾಟ್ ಹಾಸಿ, ಸಂಜೆಗೆ ಒಬ್ಬ ಕೋಚ್ ಇಡಲು ಏನಡ್ಡಿ? ಎರಡನೆಯದು ನೇಮಕಾತಿ. ಇದು ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ, ಕಂಪನಿಯೇ ಮನಸ್ಸು ಮಾಡಬೇಕು. ರಾಜ್ಯ, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ಪದವೀಧರರನ್ನು ವರ್ಷಕ್ಕೆ ಇಬ್ಬರು ಮೂವರಂತೆ ತೆಗೆದುಕೊಂಡು, ಟೂರ್ನಿಯ ದಿನಗಳಿಗೆ ಸಂಬಳ ಸಹಿತ ರಜೆ ಕೊಟ್ಟರೆ ಯಾವ ಕಂಪನಿಯೂ ಮುಳುಗುವುದಿಲ್ಲ.

ಈಗ ಆಗುತ್ತಿರುವುದು ಬೇರೆ. ನನ್ನ ರೂಮಿನ ಗೆಳೆಯ ಅಂತರ ಕಾಲೇಜು ಕಬಡ್ಡಿಯಲ್ಲಿ ಮೂರು ವರ್ಷ ಆಡಿದವನು. ಇತ್ತೀಚೆಗೆ ಸಂದರ್ಶನವೊಂದರಲ್ಲಿ ಅವನ ರೆಸ್ಯೂಮೆ ನೋಡಿ, ‘ಇದರಿಂದ ನಮಗೇನು ಉಪಯೋಗ?’ ಎಂದು ಕೇಳಿದರಂತೆ. ಮುಂದಿನ ಸಂದರ್ಶನಕ್ಕೆ ಹೋಗುವ ಮೊದಲು ಅವನು ಆ ಸಾಲನ್ನೇ ಅಳಿಸಿದ. ಏಳು ಜನರ ನಡುವೆ ನುಗ್ಗಿ, ಮೂವತ್ತು ಸೆಕೆಂಡಿನಲ್ಲಿ ತೀರ್ಮಾನ ಮಾಡಿ, ಉಸಿರು ಬಿಡದೆ ಹಿಂತಿರುಗುವುದನ್ನು ಕಲಿತವನಿಗೆ ಒತ್ತಡದಲ್ಲಿ ಕೆಲಸ ಮಾಡುವುದನ್ನು ಯಾರು ಕಲಿಸಬೇಕು?

ಹೆಣ್ಣುಮಕ್ಕಳ ಪಾಡಂತೂ ಇನ್ನೂ ಕಷ್ಟ. ಬೆಂಗಳೂರಿನ ತೇಜಸ್ವಿನಿ ಬಾಯಿ, ಕರಾವಳಿಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಅವರಿಗೆ ಪ್ರೊ ಕಬಡ್ಡಿಯಂಥ ಲೀಗ್ ಸಿಗಲಿಲ್ಲ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಮಹಿಳೆಯರ ಮೂರು ತಂಡಗಳ ಒಂದು ಸರಣಿ ನಡೆಸಿದರು, ಅದು ಮುಂದುವರಿಯಲಿಲ್ಲ. ಲೀಗ್ ಇಲ್ಲದವರಿಗೆ ಆಟದ ಆಧಾರದಲ್ಲಿ ಸಿಗುವ ನೌಕರಿಯೇ ಸೀಸನ್.

ಆಡುತ್ತಿರುವ ಗೆಳೆಯರಿಗೂ ಒಂದು ಮಾತು. ಪದವಿ ಬಿಟ್ಟು ಹರಾಜನ್ನು ನಂಬಬೇಡಿ. ಬ್ಯಾಕ್‌ಲಾಗ್ ಇದ್ದರೆ ಮುಗಿಸಿ. ರಾಜ್ಯ ಮಟ್ಟದ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ, ಕ್ರೀಡಾ ಕೋಟಾದ ಅಧಿಸೂಚನೆಗಳನ್ನು ತಪ್ಪದೆ ನೋಡಿ. ಕಬಡ್ಡಿ ಅಂದಮೇಲೆ ಆ ಸಾಲನ್ನು ರೆಸ್ಯೂಮೆಯಿಂದ ಅಳಿಸಬೇಡಿ. ಅದನ್ನು ಹೇಗೆ ವಿವರಿಸಬೇಕು ಎಂದು ಕಲಿಯಿರಿ.

ಕೆಲಸ ಹುಡುಕುತ್ತಿರುವ ಉಳಿದವರಿಗೆ ಕಬಡ್ಡಿಯ ಒಂದು ನಿಯಮ ಹೇಳುತ್ತೇನೆ. ನಮ್ಮ ಕಡೆ ‘ಬೆಂಚ್’ ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂತವನ ಎದೆ ಢವಢವ. ಕಬಡ್ಡಿಯಲ್ಲೂ ಔಟಾದವನು ಹೊರಗೆ ಕೂರುತ್ತಾನೆ. ಆದರೆ ಅವನು ತನ್ನ ಬಲದಿಂದ ಒಳಗೆ ಬರಲಾರ. ಒಳಗಿರುವ ಜೊತೆಗಾರ ಅಂಕ ತಂದರೆ ಮಾತ್ರ ಅವನಿಗೆ ಜೀವ ಬರುತ್ತದೆ. ಅದೂ ಮೊದಲು ಹೊರಗೆ ಹೋದವನು ಮೊದಲು. ಈ ಬೆಲ್ಟ್‌ನಲ್ಲಿ ಈಗಾಗಲೇ ಒಳಗೆ ಹೋಗಿರುವ ಅಣ್ಣಂದಿರು, ಅಕ್ಕಂದಿರು ಇದನ್ನು ನೆನಪಿಟ್ಟರೆ ಸಾಕು. ನಿಮ್ಮ ಕಂಪನಿಯಲ್ಲಿ ಒಂದು ರೆಫರೆನ್ಸ್ ಕೊಡಲು ಅವಕಾಶವಿದ್ದಾಗ ಬಹಳ ದಿನದಿಂದ ಹೊರಗೆ ಕೂತವನ ಹೆಸರು ಮೊದಲು ಹೇಳಿ. ಎಚ್.ಆರ್. ಜೊತೆ ಮಾತಾಡುವ ಸಲಿಗೆ ಇದ್ದರೆ, ಒಂದು ಕಬಡ್ಡಿ ತಂಡ ಕಟ್ಟೋಣ ಎಂದು ಕೇಳಿ.

ಬುಲ್ಸ್ ಮುಂದಿನ ಸೀಸನ್‌ನಲ್ಲಿ ಗೆಲ್ಲಲಿ, ಬೆಂಗಳೂರಿನಲ್ಲೇ ಆಡಿ ಗೆಲ್ಲಲಿ. ಟಿಕೆಟ್ ಕೊಂಡು ಬರಲು ಕಾಡುಗೋಡಿಯಿಂದ ನಾವು ಸಿದ್ಧ. ಅದರ ಜೊತೆಗೆ, ಆ ತಂಡದ ಕೊನೆಯ ದರ್ಜೆಯ ಹುಡುಗನಿಗೆ ಸೀಸನ್ ಮುಗಿದ ಮಾರನೇ ದಿನ ಹೋಗಲು ಒಂದು ಕೆಲಸವೂ ಇರಲಿ.