ಕೂಡಿ ಹೇಳಿದ ಕತೆ

ಕಳೆದ ಕಾರ್ತಿಕದಲ್ಲಿ ಸತ್ತೇಗಾಲದ ಬಂಧುಗಳೊಬ್ಬರ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆವು. ಆ ಮನೆಯ ಬಾಲಕ ಒಂಬತ್ತನೆಯ ತರಗತಿಯವನು. ಒಂದು ಸಂಜೆ ತಾನು ಬರೆದ ಇಂಗ್ಲಿಷ್ ಕತೆಯೊಂದನ್ನು ತಂದು ನಮ್ಮ ಕೈಗಿತ್ತನು. ಬಾಯಾರಿದ ಕಾಗೆಯ ಕತೆ; ಒಂದು ತಪ್ಪೂ ಇರಲಿಲ್ಲ. ಸಂತೋಷಪಟ್ಟು, "ಕಾಗೆಯ ಬದಲು ಕೋತಿ ಬಂದಿದ್ದರೆ ಏನು ಮಾಡುತ್ತಿತ್ತು? ಎರಡು ವಾಕ್ಯ ಬರೆ, ಮರಿ" ಎಂದೆವು. ಹುಡುಗ ಲೇಖನಿ ಹಿಡಿದು ಬಹಳ ಹೊತ್ತು ಕುಳಿತನು. ಒಂದಕ್ಷರವೂ ಮೂಡಲಿಲ್ಲ. ಗೈಡಿನಲ್ಲಿದ್ದುದು ಕಾಗೆ ಮಾತ್ರ.

ಅದೇ ರಾತ್ರಿ ಊಟದ ಹೊತ್ತಿಗೆ ಆತನೇ ಒಂದು ಕತೆ ಹೇಳಿದನು. 2018ರಲ್ಲಿ ಕಾವೇರಿಗೆ ಮಹಾಪೂರ ಬಂದು ಶಿವನಸಮುದ್ರದ ಹಳೆಯ ಕಲ್ಲುಸೇತುವೆಗೆ ಧಕ್ಕೆಯಾದ ವರ್ಷ, ತಾತನ ಆಡೊಂದು ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರಸಂಗವದು. ನಾವು ತುತ್ತು ಮರೆತು ಕೇಳಿದೆವು. ಇಷ್ಟು ಚೆನ್ನಾಗಿ ಕತೆ ಹೇಳಬಲ್ಲ ಬಾಲಕನು ಇಂಗ್ಲಿಷಿನಲ್ಲಿ ಮೂಕನಾಗುವುದೇಕೆ?

ಭಾಷೆಯ ತೊಡಕು ಇದೆ, ನಿಜ. "ಎದ್ದು, ಹೊಳೆಗೆ ಹೋಗಿ, ಆಡನ್ನು ನೋಡಿ, ಓಡಿ ಬಂದನು" ಎಂದು ಕನ್ನಡದಲ್ಲಿ ಹೇಳಿದರೆ ಕಾಲವನ್ನು ಸೂಚಿಸುವ ಹೊಣೆ ಕೊನೆಯ ಕ್ರಿಯಾಪದವೊಂದರದೇ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಕ್ರಿಯೆಯೂ ಭೂತಕಾಲದ ರೂಪವನ್ನು ಬೇಡುತ್ತದೆ: ಗಾಟ್ ಅಪ್, ವೆಂಟ್, ಸಾ, ರ‍್ಯಾನ್. ಒಂದರಲ್ಲಿ ಎಡವಿದ ಮಗು ಮುಂದಿನ ಹೆಜ್ಜೆಗೇ ಅಂಜುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಸುಳಿವುಗಳನ್ನು ಕೊಟ್ಟು ಕತೆ ಬೆಳೆಸಲು ಹೇಳುವುದುಂಟು. ಅಂಜಿದ ಮಗುವಿಗೆ ಆಗ ಕಂಠಪಾಠವೊಂದೇ ಆಶ್ರಯ. ನಾವೂ ಮಠದ ವಿದ್ಯಾರ್ಥಿನಿಲಯದಲ್ಲಿ ಇಂಗ್ಲಿಷ್ ಪ್ರಬಂಧಗಳನ್ನು ಮಂತ್ರದಂತೆ ಉರುಹೊಡೆದವರೇ. ಅರ್ಥ ಕೇಳುವ ಧೈರ್ಯ ಇರಲಿಲ್ಲ.

ಆದರೆ ಅದೇ ಮಠದಲ್ಲಿ ಸಂಸ್ಕೃತವನ್ನು ನಾವು ಹೀಗೆ ಕಲಿಯಲಿಲ್ಲ. ಗುರುಗಳು ಹಿರಿಯರಿಗೆ ಪಾಠ ಹೇಳುವರು, ಹಿರಿಯರು ಕಿರಿಯರಿಗೆ ಒಪ್ಪಿಸುವರು, ಸಂದೇಹ ಬಂದಲ್ಲಿ ಇಬ್ಬರೂ ಜಗಳವಾಡುವರು. ಆ ಜಗಳದಲ್ಲಿಯೇ ವ್ಯಾಕರಣ ನಿಂತಿತು. ಕೂಲಿಮಠಗಳ ಕ್ರಮವೂ ಇದೇ. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ಈ ನೆಲದ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ತಂದನು. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಆತನ ವರದಿ ಅಚ್ಚಾದ ಮೇಲೆ 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿತು. 1956ರವರೆಗೆ ಮದರಾಸಿನ ಆಡಳಿತಕ್ಕೇ ಸೇರಿದ್ದ ಕೊಳ್ಳೇಗಾಲ ಸೀಮೆಯವರು ಈ ಹೆಸರನ್ನು ತಿಳಿದಿರುವುದು ಒಳ್ಳೆಯದು.

ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ 1971ರಲ್ಲಿ ನಡೆದುದು ಇನ್ನೂ ಸೂಕ್ಷ್ಮವಾದುದು. ಬಿಳಿಯ ಮತ್ತು ಕರಿಯ ಮಕ್ಕಳು ಒಂದೇ ಶಾಲೆಗೆ ಬರತೊಡಗಿದಾಗ ತರಗತಿಗಳಲ್ಲಿ ವೈರ ಹೊಗೆಯಾಡುತ್ತಿತ್ತು. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾಠವನ್ನು ತುಂಡುಮಾಡಿ, ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡನ್ನು ಕೊಡಿಸಿದರು. ಪಕ್ಕದವನ ಮಾತನ್ನು ಕೇಳದೆ ಯಾರಿಗೂ ಪಾಠ ಪೂರ್ತಿಯಾಗದು. ಹೀಗಾಗಿ ಕೇಳಲೇಬೇಕಾಯಿತು.

ಮರುದಿನ ಜಗಲಿಯ ಮೇಲೆ ನಾವೂ ಇದನ್ನು ಪ್ರಯತ್ನಿಸಿದೆವು. ಬೇರೆ ಬೇರೆ ಬೀದಿಗಳ ನಾಲ್ಕು ಮಕ್ಕಳು. ಅದೇ ಆಡಿನ ಕತೆ. ಮೊದಲು ಕನ್ನಡದಲ್ಲಿ ಹೇಳುವುದು, ಉಳಿದ ಮೂವರು ಪ್ರಶ್ನೆ ಕೇಳುವುದು. ಬಳಿಕ ಒಬ್ಬೊಬ್ಬರು ಒಂದೊಂದು ಭಾಗವನ್ನು ಇಂಗ್ಲಿಷಿನಲ್ಲಿ ಬರೆದು ಗಟ್ಟಿಯಾಗಿ ಓದುವುದು. ತಿದ್ದುವಾಗ ಒಮ್ಮೆಗೆ ಒಂದೇ ಬಗೆಯ ತಪ್ಪು: ಮೊದಲ ಸುತ್ತಿನಲ್ಲಿ ಕ್ರಿಯಾಪದಗಳು ಮಾತ್ರ. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆಯಾದ್ದರಿಂದ ನಿಘಂಟನ್ನೇ ನ್ಯಾಯಾಧೀಶನನ್ನಾಗಿ ಕೂರಿಸಿದ್ದೆವು.

ಮೊದಲ ದಿನ ಕೆಟ್ಟಿತು. ಮನೆಯ ಹುಡುಗನೇ ಎಲ್ಲವನ್ನೂ ಬರೆದನು, ಉಳಿದವರು ನಕಲು ಮಾಡಿದರು. ಗುಂಪುಪಾಠದ ದೊಡ್ಡ ರೋಗವಿದು, ಶಿಕ್ಷಕರೆಲ್ಲರೂ ಬಲ್ಲರು. ಆದ್ದರಿಂದ ಎರಡನೆಯ ದಿನ, ಕೊನೆಯಲ್ಲಿ ಪ್ರತಿಯೊಬ್ಬರೂ ಪೂರ್ತಿ ಕತೆಯನ್ನು ಹಾಳೆ ನೋಡದೆ ತಮ್ಮ ಮಾತಿನಲ್ಲಿ ಬರೆಯಬೇಕೆಂದು ವಿಧಿಸಿದೆವು. ಆಗ ಹಿಂದಿನ ದಿನ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು, "ರಾತ್ರಿಯೆಲ್ಲ ಆಡು ಕೂಗ್ತಾ ಇರಲಿಲ್ವಾ? ತಾತ ಹೇಗೆ ಮಲಗಿದ್ರು?" ಎಂದಳು. ಕತೆಯಲ್ಲಿ ತಾತನಿಗೆ ರಾತ್ರಿಯೇ ಇರಲಿಲ್ಲ! ಹುಡುಗನು ತನ್ನ ಭಾಗವನ್ನು ಹೊಡೆದುಹಾಕಿ, ತಾತನು ದೀಪ ಹಿಡಿದು ದಡದಲ್ಲಿ ಕುಳಿತುದನ್ನು ಬರೆದನು. ಅದರಲ್ಲಿ ಮೂರು ತಪ್ಪುಗಳಿದ್ದವು. ಕಾಗೆಯ ಕತೆಗಿಂತ ನೂರು ಪಾಲು ಮೇಲಾಗಿತ್ತು.

ಸಂಜೆ ಹುಡುಗನ ತಾಯಿ ಸಂಕೋಚದಿಂದಲೇ ಕೇಳಿದರು: "ಬುದ್ಧಿ, ಇವನು ಊರವರಿಗೆಲ್ಲ ಹೇಳಿಕೊಡ್ತಾ ಕೂತರೆ ಇವನ ಓದೇನಾಗಬೇಕು?" ಅನೇಕ ಮನೆಗಳ ಪ್ರಶ್ನೆಯಿದು. 'ಅವನೊಡನೆ ಏಕೆ ಕುಳಿತೆ' ಎಂಬ ಇನ್ನೊಂದು ಪ್ರಶ್ನೆಯೂ ಕೆಲವೊಮ್ಮೆ ಇದರ ಮರೆಯಲ್ಲಿರುತ್ತದೆ. ಪ್ರಸಾದದ ಪಂಕ್ತಿಯಲ್ಲಿ ಭೇದವಿಲ್ಲವೆನ್ನುವ ನಾವು ಪಾಠದ ಪಂಕ್ತಿಯಲ್ಲಿ ಅದನ್ನು ಇರಿಸಿಕೊಳ್ಳಬಹುದೇ? ಆ ತಾಯಿಗೆ ನಾವು ಉಪದೇಶ ಮಾಡಲಿಲ್ಲ. ಹುಡುಗನ ಎರಡು ಹಾಳೆಗಳನ್ನೂ ಕೈಗೆ ಕೊಟ್ಟು, ರಾತ್ರಿಯ ಭಾಗವನ್ನು ಆತನಿಂದಲೇ ಕನ್ನಡದಲ್ಲಿ ಹೇಳಿಸಿದೆವು. ಅವರು ಕೇಳಿ, "ಈ ದೀಪದ ಮಾತು ಯಾರದು?" ಎಂದರು. ಹುಡುಗನು ಆ ಹುಡುಗಿಯ ಹೆಸರು ಹೇಳಿದನು.

ನಾಲ್ಕನೆಯ ದಿನ ನಾವು ಕೊಳ್ಳೇಗಾಲದ ಬಸ್ಸಿಗೆ ಹೊರಟಾಗ ಜಗಲಿಯ ಮೇಲೆ ಐದು ಮಕ್ಕಳಿದ್ದರು. ಆಡನ್ನು ತೆಪ್ಪದಲ್ಲಿ ತರಬೇಕೋ, ನೀರಿಳಿಯುವವರೆಗೆ ಕಾಯಬೇಕೋ ಎಂಬ ವಾದ ಇನ್ನೂ ಮುಗಿದಿರಲಿಲ್ಲ.