ಲೋಳೆಸರದ ಹಳದಿ ಸೊನೆ

ಕಳೆದ ಭಾನುವಾರ ಮಲ್ಲೇಶ್ವರದಲ್ಲಿ ಸ್ವಸಹಾಯ ಸಂಘಗಳ ಮೇಳವಿತ್ತು. ಹಪ್ಪಳ, ಉಪ್ಪಿನಕಾಯಿ, ಸೆಣಬಿನ ಚೀಲಗಳನ್ನು ದಾಟಿದರೆ ಕೊನೆಯಲ್ಲಿ ಒಂದು ಸೋಪಿನ ಮಳಿಗೆ. ಕಂದು ಕಾಗದ ಸುತ್ತಿ, ಬಾಳೆನಾರು ಕಟ್ಟಿ ಜೋಡಿಸಿಟ್ಟ ಸೋಪುಗಳು. ಮೇಲೆ ಹಸಿರು ಅಕ್ಷರದಲ್ಲಿ ‘ನೂರಕ್ಕೆ ನೂರು ಕೆಮಿಕಲ್ ರಹಿತ’. ಕೂತಿದ್ದ ಹೆಂಗಸು ಹೆಚ್ಚುಕಡಿಮೆ ನನ್ನ ವಯಸ್ಸಿನವರೇ.

“ಕಾಸ್ಟಿಕ್ ಸೋಡಾ ಹಾಕದೆ ಸೋಪು ಹೇಗೆ ಮಾಡ್ತೀರಿ?” ಎಂದೆ.

“ಅಯ್ಯೋ, ಅದನ್ನೆಲ್ಲ ನಾವು ಮುಟ್ಟೋದೇ ಇಲ್ಲ ಮೇಡಂ. ಪೇಟೆಯಿಂದ ಸೋಪ್ ಬೇಸ್ ತರ್ತೀವಿ. ಕರಗಿಸಿ, ಬೇವು ಅರಿಶಿನ ಹಾಕಿ ಅಚ್ಚಿಗೆ ಹೊಯ್ತೀವಿ, ಅಷ್ಟೆ.”

“ಆ ಬೇಸನ್ನ ಅವರು ಯಾವುದರಿಂದ ಮಾಡಿರ್ತಾರೆ?”

ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕು, “ಅದು ಅವರಿಗೇ ಗೊತ್ತು ಮೇಡಂ” ಎಂದರು.

ಎರಡು ಸೋಪು ಕೊಂಡೆ. ಆಕೆ ನನಗೆ ಮೋಸ ಮಾಡಿದರು ಅಂತ ಅನ್ನಿಸಲಿಲ್ಲ. ಆಕೆಗೆ ಯಾರೋ ಹೇಳಿದ್ದನ್ನು ಆಕೆ ನನಗೆ ಹೇಳಿದರು. ಆದರೆ ಎಣ್ಣೆಗೆ ಕ್ಷಾರ ಸೇರಿದಾಗ ಹುಟ್ಟುವುದೇ ಸೋಪು. ಕಾಸ್ಟಿಕ್ ಕಾಣದ ಸೋಪಿನ ಗಟ್ಟಿ ಅಂದರೆ ಹೆಪ್ಪು ಕಾಣದ ಮೊಸರು. ಅಳತೆ ಸರಿಯಿದ್ದರೆ ಕಾಸ್ಟಿಕ್ ಪೂರ್ತಿ ಎಣ್ಣೆಯೊಂದಿಗೆ ಸೇರಿ ಮುಗಿದುಹೋಗುತ್ತದೆ, ಚರ್ಮಕ್ಕೆ ತಗಲಲು ಏನೂ ಉಳಿಯುವುದಿಲ್ಲ. ಅಳತೆ ತಪ್ಪಿದರೆ ಅದರಲ್ಲಿ ಎಷ್ಟು ಬೇವು ಅರೆದು ಹಾಕಿದ್ದರೂ ಮೈ ಉರಿಯುವುದು ತಪ್ಪದು.

ನಾವು ಕನ್ನಡಿಗರು ಕೆಮಿಕಲ್ ಅಂದರೆ ಬೆಚ್ಚಿಬೀಳುವುದು ಸ್ವಲ್ಪ ತಮಾಷೆಯ ಸಂಗತಿ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತು ರಾಶಿ ಬಿದ್ದಾಗ, 1916ರಲ್ಲಿ ಇಲ್ಲೇ ಎಣ್ಣೆ ಇಳಿಸುವ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಗಂಧದ ಸೋಪಿನ ಕಾರ್ಖಾನೆ. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಆ ಸೋಪನ್ನು ರೂಪಿಸಲು ಸರ್ಕಾರ ಇಂಗ್ಲೆಂಡಿಗೆ ಕಳಿಸಿ ತರಬೇತಿ ಕೊಡಿಸಿದ್ದು ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರನ್ನು. ಊರೆಲ್ಲ ಅವರನ್ನು ‘ಸೋಪು ಶಾಸ್ತ್ರಿ’ ಎಂದೇ ಕರೆಯುತ್ತಿತ್ತು. ಮದುವೆ ಮನೆಯ ಬಚ್ಚಲಿಂದ ಬರುವ ನಮ್ಮ ಆ ‘ನೈಸರ್ಗಿಕ’ ಪರಿಮಳ ಬಂದದ್ದು ಒಬ್ಬ ಕೆಮಿಸ್ಟರ ಕೈಯಿಂದ.

ಹಾಗಂತ ಅಜ್ಜಿಯರದ್ದೆಲ್ಲ ಕಂತೆಪುರಾಣ ಅಂತಲ್ಲ. ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಲೋಳೆಸರ ಕೊಯ್ದರೆ ನೇರ ಮುಖಕ್ಕೆ ಹಚ್ಚುತ್ತಿರಲಿಲ್ಲ. ಬುಡ ಕೆಳಗೆ ಮಾಡಿ ಒಂದು ಲೋಟದಲ್ಲಿ ನಿಲ್ಲಿಸುತ್ತಿದ್ದಳು. ಕತ್ತರಿಸಿದ ಬಾಯಿಂದ ಹಳದಿ ಸೊನೆ ಇಳಿಯುತ್ತಿತ್ತು. ಕಹಿ ವಾಸನೆ, ಬೆರಳಿಗೆ ಅಂಟಿದರೆ ಕಂದುಗಟ್ಟುವಂಥದ್ದು. ಅದು ಪೂರ್ತಿ ಇಳಿಯದೆ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಆಮೇಲೆ ಸಿಪ್ಪೆ ಹೆರೆದು, ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ತೆಗೆಯುತ್ತಿದ್ದಳು. ಸಿಪ್ಪೆಯಡಿಯ ಆ ಹಳದಿ ಸೊನೆಯಲ್ಲಿ ಅಲೋಯಿನ್ ಇರುತ್ತದೆ, ಚರ್ಮ ಕೆರಳಿಸುತ್ತದೆ ಅಂತ ನಾನು ಓದಿದ್ದು ನಲವತ್ತು ದಾಟಿದ ಮೇಲೆ. ಅಜ್ಜಿಗೆ ಆ ಹೆಸರು ಬೇಕಿರಲಿಲ್ಲ. ತಲೆಗೆ ಹಚ್ಚುವ ಮತ್ತಿ ಸೊಪ್ಪಿನ ಗೊಂಪೂ ಹಾಗೇ. ಬೆಳಿಗ್ಗೆ ಹಿಂಡಿದ್ದು ಬೆಳಿಗ್ಗೆಗೇ. ಮಿಕ್ಕರೆ ಸಂಜೆಗೆ ದಾಸವಾಳದ ಬುಡಕ್ಕೆ. “ನಾಳೆಗೆ ಇಡು” ಅಂದರೆ, “ನಾಳೆ ಅದು ಗೊಂಪಲ್ಲ, ಗೊಬ್ಬರ” ಅನ್ನುತ್ತಿದ್ದಳು.

ಈಗ ಪೇಟೆಯ ಸೀಸೆಯೊಳಗೆ ಕೂತಿರುವುದು ಅದೇ ಲೋಳೆಸರ, ಅದೇ ಮತ್ತಿ, ಅದೇ ಅರಿಶಿನ. ಅಜ್ಜಿಯ ಕಟ್ಟುನಿಟ್ಟು ಮಾತ್ರ ಹಿತ್ತಲಲ್ಲೇ ಉಳಿಯಿತು. ಬೆಳಿಗ್ಗೆ ಹಿಂಡಿದ್ದು ಸಂಜೆಗೆ ಕೆಡುತ್ತದೆ ಎಂದು ಅವಳು ಬಿಸಾಡಿದ ವಸ್ತು ಎರಡು ವರ್ಷ ಅಂಗಡಿಯ ಕಪಾಟಿನಲ್ಲಿ ಹಸಿರಾಗಿ ಹೊಳೆಯುತ್ತಿದೆ ಅಂದಮೇಲೆ, ಅದನ್ನು ಯಾವುದೋ ಒಂದು ಕಾಯುತ್ತಿದೆ ತಾನೆ? ನೀರಿರುವ ಕಡೆ ಬೂಷ್ಟು ಬರುತ್ತದೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೂಷ್ಟಿಗಿಂತ ಮೊದಲೇ ಬಂದಿರುತ್ತದೆ. ‘ಪ್ರಿಸರ್ವೇಟಿವ್ ಇಲ್ಲ’ ಎಂದು ಹೆಮ್ಮೆಯಿಂದ ಬರೆದ ನೀರಿನಂಶದ ಕ್ರೀಮಿನ ಡಬ್ಬಿಗೆ ದಿನವೂ ಬೆರಳದ್ದುವುದಕ್ಕಿಂತ, ಯಾವ ಪ್ರಿಸರ್ವೇಟಿವ್ ಎಂದು ನೇರವಾಗಿ ಬರೆದ ಡಬ್ಬಿಯೇ ನನಗೆ ವಾಸಿ.

ಈ ಭಯದ ಕಥೆ ಒಂದನ್ನು ಬಿಡಿಸಿ ಹೇಳಲೇಬೇಕು. ಪ್ಯಾರಾಬೆನ್ ಎಂಬ ಪ್ರಿಸರ್ವೇಟಿವ್‌ಗಳು ದಶಕಗಳಿಂದ ಬಳಕೆಯಲ್ಲಿದ್ದವು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಸ್ತನ ಕ್ಯಾನ್ಸರಿನ 20 ಗಡ್ಡೆಗಳ ಮಾದರಿಯಲ್ಲಿ ಪ್ಯಾರಾಬೆನ್ ಅಂಶ ಇದೆ ಎಂದು ವರದಿ ಮಾಡಿದರು. ಇದೆ ಎಂದಷ್ಟೇ, ಅದರಿಂದಲೇ ಕ್ಯಾನ್ಸರ್ ಬಂತು ಎಂದಲ್ಲ. ಕ್ಯಾನ್ಸರ್ ಇಲ್ಲದ ಅಂಗಾಂಶದ ಜೊತೆ ಹೋಲಿಸಿಯೂ ಇರಲಿಲ್ಲ. ಆದರೆ ಸುದ್ದಿಗೆ ಅಷ್ಟು ಸಾಕಾಯಿತು. ‘ಪ್ಯಾರಾಬೆನ್ ಫ್ರೀ’ ಎಂಬುದು ಜಾಹೀರಾತಿನ ಮಂತ್ರವಾಯಿತು. ಆ ಜಾಗ ತುಂಬಿದವುಗಳಲ್ಲಿ ಮೀಥೈಲ್‌ಐಸೋಥಯಾಜೋಲಿನೋನ್ ಒಂದು. ಕೆಲವೇ ವರ್ಷಗಳಲ್ಲಿ ಯುರೋಪಿನ ಚರ್ಮವೈದ್ಯರ ಮುಂದೆ ಅದರ ಅಲರ್ಜಿಯವರ ಸಾಲು ಬೆಳೆಯಿತು. ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತು. 2017ರಿಂದ ಯುರೋಪಿನಲ್ಲಿ, ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಅದಕ್ಕೆ ನಿಷೇಧ. ಅದೇ ಅಮೆರಿಕದ ಸಂಘ 2019ರಲ್ಲಿ ಪ್ಯಾರಾಬೆನ್‌ಗೆ ಕೊಟ್ಟ ಬಿರುದು ‘ವರ್ಷದ ಅಲರ್ಜಿಕಾರಕವಲ್ಲದ್ದು’! ಪ್ಯಾರಾಬೆನ್ ಬಗೆಗೂ ಕಣ್ಣು ಮುಚ್ಚಬೇಕಿಲ್ಲ. ಆ ಗುಂಪಿನ ಐದನ್ನು ಯುರೋಪ್ 2014ರಲ್ಲಿ ನಿಷೇಧಿಸಿದೆ, ಮೀಥೈಲ್‌ಪ್ಯಾರಾಬೆನ್‌ಗೆ ಶೇ 0.4ರ ಮಿತಿ ಇಟ್ಟಿದೆ. ಯಾವುದು, ಎಷ್ಟು ಎಂದು ಕೇಳುವ ಕ್ರಮ ಇದು. ನಮ್ಮ ‘ಫ್ರೀ’ ಲೇಬಲ್ಲುಗಳಲ್ಲಿ ಎಷ್ಟು ಎಂಬ ಪ್ರಶ್ನೆಯೇ ಇಲ್ಲ.

ಇನ್ನು ಗಿಡಮರದ್ದೆಲ್ಲ ಸಾಧು ಎಂಬ ನಂಬಿಕೆ. ಮಲೆನಾಡಿನವರ ಹತ್ತಿರ ಈ ಮಾತು ನಡೆಯುವುದಿಲ್ಲ. ಹೊಳೆಗೇರು ಮರದ ಸೊನೆ ತಗಲಿ ಮುಖ ಊದಿಸಿಕೊಂಡವರು ಒಬ್ಬರಾದರೂ ಪ್ರತಿ ಊರಲ್ಲಿ ಸಿಗುತ್ತಾರೆ. ಅದರ ನೆಂಟರೇ ಗೋಡಂಬಿ ಮತ್ತು ಮಾವು. ಮಾವಿನ ತೊಟ್ಟಿನ ಸೊನೆ ತುಟಿಗೆ ತಾಗಿ ಗುಳ್ಳೆ ಎದ್ದ ಬೇಸಿಗೆ ರಜೆ ನೆನಪಿಲ್ಲದವರು ಯಾರು?

ನನ್ನ ತಂಗಿಯ ಮಗಳಿಗೆ ಪಾಠ ಕಲಿಸಿದ್ದು ನಿಂಬೆಹಣ್ಣು. ನಿಶ್ಚಿತಾರ್ಥಕ್ಕೆ ಎಂಟು ದಿನ ಇತ್ತು. ಮೊಬೈಲಿನಲ್ಲಿ ಯಾರೋ ತೋರಿಸಿದಂತೆ ನಿಂಬೆಹೋಳಿಗೆ ಸಕ್ಕರೆ ಅದ್ದಿ ಕೈಗೆಲ್ಲ ಉಜ್ಜಿಕೊಂಡಿದ್ದಾಳೆ. ಅರ್ಧಂಬರ್ಧ ತೊಳೆದು, ನಡುಮಧ್ಯಾಹ್ನ ಸ್ಕೂಟರಿನಲ್ಲಿ ರವಿಕೆ ತರಲು ಟೈಲರ್ ಹತ್ತಿರ ಹೋಗಿಬಂದಿದ್ದಾಳೆ. ಮಾರನೆಯ ದಿನ ಉರಿ, ಕೆಂಪು. ನಾಲ್ಕನೆಯ ದಿನಕ್ಕೆ ಮೊಣಕೈಯಿಂದ ಮಣಿಕಟ್ಟಿನ ತನಕ ರಸ ಹರಿದ ದಾರಿಯಲ್ಲೇ ಕಂದು ಗೆರೆ, ಕಾಫಿ ಚೆಲ್ಲಿದ ಹಾಗೆ. ಚರ್ಮದ ಡಾಕ್ಟರು ಕೈ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, “ನಿಂಬೆಹಣ್ಣು ಹಿಂಡಿದ್ಯಾಮ್ಮ?” ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮ ಸುಡುತ್ತವಂತೆ. ನೆರಳಲ್ಲಿದ್ದರೆ ಅವು ಸುಮ್ಮನಿರುತ್ತವೆ. ತೊನ್ನಿನ ಚಿಕಿತ್ಸೆಗೆ ಬಳಸುವ ಬಾವಂಚಿ ಬೀಜದ ಸೊರಲೆನ್ ಕೂಡ ಇದೇ ಕುಲದ್ದು. ಆ ಔಷಧಿ ಹಚ್ಚಿ ಎಷ್ಟು ಹೊತ್ತು ಬಿಸಿಲಿಗೆ ಕೂರಬೇಕೆಂದು ವೈದ್ಯರು ನಿಮಿಷ ಎಣಿಸಿ ಹೇಳುವುದು ಇದೇ ಕಾರಣಕ್ಕೆ. ಗೆರೆ ಮಾಸಲು ಎರಡು ತಿಂಗಳು ಹಿಡಿಯಿತು. ನಿಶ್ಚಿತಾರ್ಥದ ಫೋಟೋಗಳಲ್ಲಿ ಅವಳದ್ದು ಉದ್ದ ತೋಳಿನ ರವಿಕೆ.

ಇವೆಲ್ಲ ಉರಿ ತುರಿಕೆಯ ಮಾತಾಯಿತು. ನಿಜವಾದ ಭಯ ಬೇರೆಡೆ ಇದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಮೂತ್ರದಲ್ಲಿ ಪ್ರೋಟೀನ್ ಹೋಗುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಹೊತ್ತು ಬಂದವರಲ್ಲಿ ಹಲವರು ಬಿಳುಪಿನ ಕ್ರೀಮ್ ಬಳಸುತ್ತಿದ್ದರು. ಕ್ರೀಮಿನಲ್ಲಿ ಇದ್ದದ್ದು ಪಾದರಸ. ಅದು ಚರ್ಮದ ಬಣ್ಣ ಹುಟ್ಟುವುದನ್ನೇ ತಡೆಯುತ್ತದೆ, ಹಾಗಾಗಿ ವಾರದಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಒಳಗೆ ಹೋಗಿ ಕಿಡ್ನಿ ತಿನ್ನುತ್ತದೆ. ನಮ್ಮ ಕಾನೂನಿನ ಪ್ರಕಾರ ಕಣ್ಣಿನದಲ್ಲದ ಸೌಂದರ್ಯವರ್ಧಕಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಮೀರುವಂತಿಲ್ಲ. ತಯಾರಕರ ಹೆಸರೂ ವಿಳಾಸವೂ ಇಲ್ಲದ ಡಬ್ಬಿಯನ್ನು ‘ಹರ್ಬಲ್’ ಎಂಬ ಒಂದೇ ಪದದ ಮೇಲೆ ನಂಬಿ ಮುಖಕ್ಕೆ ಬಳಿದುಕೊಳ್ಳುವವರು ಕೇರಳದಲ್ಲಿ ಮಾತ್ರ ಇದ್ದಾರೆಯೇ? ಹಚ್ಚಿದ ಅರ್ಧ ಗಂಟೆಗೆ ಕಡುಗಪ್ಪಾಗುವ ‘ಕಪ್ಪು ಮೆಹೆಂದಿ’ಯೂ ಇದೇ ಜಾತಿ. ಗೋರಂಟಿ ಸೊಪ್ಪಿಗೆ ಆ ಬಣ್ಣ ಬರುವುದಿಲ್ಲ. ಬರುವುದು ಕೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕದಿಂದ.

ಹಾಗಾದರೆ ನೋಡುವುದು ಎಲ್ಲಿ? ಡಬ್ಬಿಯ ಮುಂಭಾಗವನ್ನು ಬರೆದವನು ಜಾಹೀರಾತಿನವನು, ಹಿಂಭಾಗವನ್ನು ಬರೆಸಿದ್ದು ಕಾನೂನು. 2020ರ ಸೌಂದರ್ಯವರ್ಧಕ ನಿಯಮಗಳಂತೆ ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನದರಿಂದ ಕಡಿಮೆಗೆ ಬರೆಯಬೇಕು. ಉಳಿದವನ್ನು ಹೇಗೆ ಬೇಕಾದರೂ ಬರೆಯಬಹುದು. ಮೊದಲಿಗೇ ‘ಆಕ್ವಾ’ ಇರುತ್ತದೆ. ಹೆದರಬೇಡಿ, ನೀರು. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಂಬ ಹೆಸರು ಹುಡುಕಿ. ಬಹಳ ಬಳಕೆಯ ಈ ಪ್ರಿಸರ್ವೇಟಿವ್ ಶೇ 1 ಮೀರುವಂತಿಲ್ಲ. ಡಬ್ಬಿಯ ಮುಂದೆ ದೊಡ್ಡದಾಗಿ ಚಿತ್ರ ಬರೆದ ಕೇಸರಿ ಇದರ ನಂತರ ಬಂದಿದ್ದರೆ, ಕೇಸರಿ ಎಷ್ಟಿದೆ ಎಂದು ನಿಮಗೇ ತಿಳಿಯಿತು. ‘ಪರ್ಫ್ಯೂಮ್’ ಎಂಬ ಒಂದೇ ಪದದ ಕೆಳಗೆ ಹತ್ತಾರು ವಸ್ತು ಅಡಗಿರಬಹುದು, ಅಲರ್ಜಿಯವರಿಗೆ ಹೆಚ್ಚಿನ ಉಪದ್ರವ ಅಲ್ಲಿಂದಲೇ. ಲ್ಯಾವೆಂಡರ್, ಕಿತ್ತಳೆ ಸಿಪ್ಪೆಯ ಸಾಚಾ ಎಣ್ಣೆಗಳೂ ಅದಕ್ಕೆ ಹೊರತಲ್ಲ.

ಆಯುರ್ವೇದ ಪರವಾನಗಿಯ ಡಬ್ಬಿಗಳದ್ದು ಇನ್ನೊಂದು ಬಾಗಿಲು. ಅವು ಸೌಂದರ್ಯವರ್ಧಕದ ನಿಯಮದಡಿ ಬರುವುದಿಲ್ಲ, ಔಷಧ ನಿಯಮದಡಿ ಬರುತ್ತವೆ. ಎಷ್ಟೋ ಡಬ್ಬಿಗಳ ಹಿಂದೆ ಮಂಜಿಷ್ಠ ಇಷ್ಟು ಮಿಲಿಗ್ರಾಂ, ಲೋಧ್ರ ಇಷ್ಟು ಎಂದು ಸಂಸ್ಕೃತದಲ್ಲಿ ಚೆನ್ನಾಗಿ ಬರೆದು, ಕೊನೆಗೆ ‘ಕ್ರೀಮ್ ಬೇಸ್: ಕ್ಯೂ.ಎಸ್.’ ಎಂದಿರುತ್ತದೆ. ಅಂದರೆ ಬೇಕಾದಷ್ಟು. ಡಬ್ಬಿಯ ಬಹುಪಾಲು ಆ ಬೇಸೇ. ಅದರಲ್ಲಿ ಏನಿದೆ? ಅದು ಅವರಿಗೇ ಗೊತ್ತು ಮೇಡಂ.

ನನ್ನ ತಕರಾರು ಸಣ್ಣದು. ಮುಖಕ್ಕೆ ಹಚ್ಚುವ ವಸ್ತುವಿನ ಹೆಸರನ್ನು ಹಚ್ಚಿಕೊಳ್ಳುವವರ ಭಾಷೆಯಲ್ಲಿ, ಭೂತಗನ್ನಡಿ ಇಲ್ಲದೆ ಓದುವಷ್ಟು ದಪ್ಪದಲ್ಲಿ ಬರೆಯಿರಿ. ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮುಂದೆ ‘ಶುದ್ಧ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಲು ಜಾಗ ಸಿಗುತ್ತದೆ, ಹಿಂದೆ ‘ನೀರು, ಕೊಬ್ಬರಿ ಎಣ್ಣೆ’ ಎನ್ನಲು ಸಿಗುವುದಿಲ್ಲವೆ? ಬೇಸ್ ಹಾಕಿದ್ದರೆ ಬೇಸಿನಲ್ಲಿ ಏನಿದೆ ಎಂದೂ ಬರೆಯಿರಿ. ಮೇಳದ ಆ ಹೆಂಗಸಿಗೂ ಇದು ಉಪಕಾರವೇ. ಬೇಸ್ ಮಾರುವವನು ಪಟ್ಟಿ ಕೊಟ್ಟರೆ ಆಕೆಯೂ ಗ್ರಾಹಕರಿಗೆ ಉತ್ತರ ಹೇಳಬಹುದು.

ತಂಗಿಯ ಮಗಳು ಈಗ ಹೊಸ ಕ್ರೀಮ್ ತಂದರೆ ಮೊಣಕೈಯ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ ನಾಲ್ಕಾರು ದಿನ ನೋಡುತ್ತಾಳೆ. ಮೊನ್ನೆ ಅಂಗಡಿಯಿಂದಲೇ ಒಂದು ಡಬ್ಬಿಯ ಬೆನ್ನಿನ ಫೋಟೋ ತೆಗೆದು ಕಳಿಸಿದಳು. “ದೊಡ್ಡಮ್ಮ, ಕೇಸರಿ ಕೊನೆಯಿಂದ ಎರಡನೇದು. ವಾಪಸ್ ಇಟ್ಟೆ.” ಅಂಗಡಿಯವನಿಗೆ ಏನಂದೆ ಎಂದು ಕೇಳಿದೆ.

“ಮನೇಲಿ ಕೇಳ್ಕೊಂಡು ಬರ್ತೀನಿ ಅಂದೆ.”