ವಿಜ್ಞಾನದ ಮಾತು: ಕುಳ್ಳ ಇಲಿಯ ದೀರ್ಘಾಯುಸ್ಸು

ಚಂದಾದಾರರಾದ ಮಹಿಳೆಯೊಬ್ಬರು ಹೀಗೆ ಬರೆದಿದ್ದಾರೆ: “ನಮ್ಮ ಮಾವನವರಿಗೆ ೬೮ ವರ್ಷ. ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದಿನಿಂದ ಹೋದ ಯೌವನವು ಮರಳುವುದೆಂದು ಎಲ್ಲಿಯೋ ಓದಿ, ಅದನ್ನು ತರಿಸಿಕೊಡಿರೆಂದು ದಿನವೂ ಕೇಳುತ್ತಿದ್ದಾರೆ. ಹಣದ ಮಾತು ಹಾಗಿರಲಿ. ಇದರಿಂದ ಅವರಿಗೆ ಕೆಡುಕೇನೂ ಆಗದಷ್ಟೆ?” ಪ್ರಶ್ನೆಯು ಚಿಕ್ಕದು, ಉತ್ತರಕ್ಕಾಗಿ ಮಾತ್ರ ಇಲಿ ಹುಳುಗಳ ಬಳಿಗೆ ಹೋಗಿಬರಬೇಕಾಗಿದೆ.

ಮೆದುಳಿನ ತಳದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯುಂಟು. ಬೆಳವಣಿಗೆಯ ಹಾರ್ಮೋನು ಅಲ್ಲಿ ಹುಟ್ಟಿ, ರಕ್ತದೊಡನೆ ಹರಿದು ಯಕೃತ್ತನ್ನು ಮುಟ್ಟುವುದು. ಯಕೃತ್ತು ಅದರ ಪ್ರೇರಣೆಯಿಂದ, ಇನ್ಸುಲಿನ್ನನ್ನು ಹೋಲುವ ಮತ್ತೊಂದು ವಸ್ತುವನ್ನು ಹೊರಬಿಟ್ಟು ಎಲುಬು ಮಾಂಸಗಳನ್ನು ಬೆಳೆಯಿಸುವುದು. ಹರೆಯದಲ್ಲಿ ಈ ಹಾರ್ಮೋನು ಸಮೃದ್ಧ. ವಯಸ್ಸು ಏರಿದಂತೆಲ್ಲ ಅದು ಇಳಿಯುವುದು. ಇಳಿದುದನ್ನು ತುಂಬಿಕೊಟ್ಟರೆ ಮುಪ್ಪು ಹಿಂದೆಗೆಯದೇ ಎಂದು ಯಾರಿಗಾದರೂ ತೋರುವುದು ಸಹಜವೇ. ೧೯೯೦ರಲ್ಲಿ ಅಮೆರಿಕೆಯ ಡೇನಿಯಲ್ ರಡ್‌ಮನ್ ಎಂಬ ವೈದ್ಯರು ೬೦ ದಾಟಿದ ೧೨ ಮಂದಿ ಪುರುಷರಿಗೆ ಆರು ತಿಂಗಳ ಕಾಲ ಇದನ್ನು ಕೊಟ್ಟು ನೋಡಿದರು. ಕೊಬ್ಬು ಕರಗಿತು, ಮಾಂಸ ತುಂಬಿತು. ಜಾಹೀರಾತುಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುವುವು.

ಅವು ಹೇಳದೆ ಬಿಡುವುದು ಕುಳ್ಳ ಇಲಿಯ ಸಂಗತಿ. ಅಮೆರಿಕೆಯ ಏಮ್ಸ್ ಊರಿನ ಹೆಸರು ಹೊತ್ತ ಈ ಇಲಿಗಳಲ್ಲಿ ಹುಟ್ಟಿನಿಂದಲೇ ಬೆಳವಣಿಗೆಯ ಹಾರ್ಮೋನು ಇಲ್ಲ. ತೂಕದಲ್ಲಿ ಒಡಹುಟ್ಟಿದವುಗಳ ಮೂರನೆಯ ಒಂದು ಪಾಲಿನಷ್ಟು. ಇಂಥ ಬಡಪ್ರಾಣಿ ಬೇಗನೆ ಸಾಯುವುದೆಂದು ನಾವೆಣಿಸಿದರೆ, ೧೯೯೬ರಲ್ಲಿ ಹಾಲಿ ಬ್ರೌನ್‌ಬೋರ್ಗ್, ಆಂಡ್ರ್‌ಜೆ ಬಾರ್ಟ್ಕೆ ಮೊದಲಾದವರು ಕಂಡುದು ಬೇರೆಯೇ: ಅವು ಉಳಿದ ಇಲಿಗಳಿಗಿಂತ ಸುಮಾರು ಒಂದು ವರ್ಷ ಹೆಚ್ಚು ಬಾಳಿದುವು! ಎರಡು ಮೂರು ವರ್ಷ ಬದುಕುವ ಪ್ರಾಣಿಗೆ ಒಂದು ವರ್ಷವೆಂದರೆ ಅಲ್ಪವೇ?

ಇದರ ಗುಟ್ಟಿನ ಒಂದು ಎಳೆಯು ಕಿರು ಆರ್‌ಎನ್‌ಎಗಳೆಂಬ ಅಣುಗಳಲ್ಲಿದೆ. ಮದುವೆಯ ಮನೆಯನ್ನು ನೆನೆಯಿರಿ. ಯಜಮಾನರು ಬರೆದುಕೊಟ್ಟ ಚೀಟಿಯು ಉಗ್ರಾಣಕ್ಕೆ ಹೋದರೆ ಸಾಮಾನು ಹೊರಬರುವುದು. ದಾರಿಯಲ್ಲಿ ಹಿರಿಯರೊಬ್ಬರು ಚೀಟಿಯನ್ನು ಹಿಡಿದು, “ಸಾಕು, ಇದು ಬೇಡ” ಎಂದರೆ ಬರೆದದ್ದು ಬರೆದಂತೆಯೇ ಉಳಿಯುವುದು. ಜೀವಕೋಶದಲ್ಲಿಯೂ ಹಾಗೆಯೇ. ವಂಶವಾಹಿಯ ಅಪ್ಪಣೆಯನ್ನು ಉದ್ದನೆಯ ಆರ್‌ಎನ್‌ಎ ಎಂಬ ಚೀಟಿ ಒಯ್ಯುವುದು; ಕೇವಲ ೨೨ ಅಕ್ಷರಗಳಷ್ಟು ಉದ್ದದ ಕಿರು ಆರ್‌ಎನ್‌ಎ ಅದರ ತುದಿಗೆ ಅಂಟಿಕೊಂಡು ಅಪ್ಪಣೆಯು ನಡೆಯದಂತೆ ತಡೆಯುವುದು. ೧೯೯೩ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕನ್ ಇವರಿಗೆ ೨೦೨೪ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಹುಳುವಿಗಾಗಿ ನೊಬೆಲ್ಲೇ ಎಂದು ನಗುವವರು ಮುಂದಿನದನ್ನು ಕೇಳಬೇಕು. ಮೊದಲು ಸಿಕ್ಕಿದ ಆ ಅಣುವೇ ಕಡಮೆಯಾದ ಹುಳು ಬೇಗನೆ ಮುಪ್ಪಾಯಿತೆಂದೂ, ಹೆಚ್ಚಾದದ್ದು ಹೆಚ್ಚು ಕಾಲ ಬದುಕಿತೆಂದೂ ೨೦೦೫ರಲ್ಲಿ ತಿಳಿದುಬಂದಿತು. ಅದು ನಡೆದ ಮಾರ್ಗವೋ, ನಮ್ಮಲ್ಲಿ ಬೆಳವಣಿಗೆಯ ಹಾರ್ಮೋನಿನ ಅಪ್ಪಣೆಯು ಸಾಗುವ ಇನ್ಸುಲಿನ್ ಮಾರ್ಗದ ದಾಯಾದಿ.

ಕುಳ್ಳ ಇಲಿಯ ಯಕೃತ್ತಿನಲ್ಲಿಯೂ ಇಂಥದೇ ಕಂಡಿದೆ. ಅಲ್ಲಿ ೨೭ಎ ಎಂಬ ಕಿರು ಆರ್‌ಎನ್‌ಎ ಹೆಚ್ಚಾಗಿದ್ದು, ಜೀವಕೋಶಗಳ ವೃದ್ಧಿಗೆ ಬೇಕಾದ ವಸ್ತುಗಳನ್ನು ತಯಾರಿಸುವ ಎರಡು ಕಿಣ್ವಗಳು ತಗ್ಗಿದ್ದುವು. ಹಾರ್ಮೋನು ಇಲ್ಲದ ದೇಹದಲ್ಲಿ ಇಂಥ ಅಣುಗಳು “ಸಾಕು” ಎನ್ನುತ್ತ ಹಿಡಿತವನ್ನು ಬಿಗಿಮಾಡಿದಂತಿದೆ. ಇಂಥ ಮರಿಗಳಿಗೇ ಎಳೆತನದಲ್ಲಿ ಕೆಲವು ವಾರ ಹಾರ್ಮೋನನ್ನು ಚುಚ್ಚಿದಾಗ ಅವು ದಪ್ಪವಾಗಿ ಬೆಳೆದುವು. ದೀರ್ಘಾಯುಸ್ಸಿನಲ್ಲಿ ಮಾತ್ರ ಒಂದು ಭಾಗವನ್ನು ಕಳೆದುಕೊಂಡುವು.

ಇಲಿಯ ಮಾತು ಮನುಷ್ಯನಿಗೆ ಹಾಗೆಯೇ ಸಲ್ಲುವುದೆಂದು ನಾನು ಹೇಳುವುದಿಲ್ಲ. ಆದರೆ ಇಳಿದ ಹಾರ್ಮೋನೆಲ್ಲ ನಷ್ಟವೆಂದು ತಿಳಿಯುವುದಕ್ಕೂ ಆಧಾರವಿಲ್ಲ. ಮುಪ್ಪಿನಲ್ಲಿ ಈ ಮದ್ದು ತೆಗೆದುಕೊಂಡವರಿಗೆ ಕೈಕಾಲು ಬಾವು, ಕೀಲುನೋವು, ಮುಂಗೈ ಜೋಮು ಬಂದದ್ದುಂಟು. ರಕ್ತದ ಸಕ್ಕರೆಯೂ ಏರಬಹುದು. ಹಾರ್ಮೋನಿನ ಕೊರತೆಯಿಂದ ಬೆಳೆಯದ ಮಕ್ಕಳಿಗೆ ಇದೇ ಮದ್ದು ವರವಾಗಿದೆಯೆಂಬುದು ಬೇರೆಯ ಮಾತು. ಮಾವನವರಿಗೆ ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ ಆ ತಾಯಿಯವರು ಬರೆದಿಲ್ಲ. ಮೊದಲು ವೈದ್ಯರಲ್ಲಿ ಅದನ್ನು ಪರೀಕ್ಷೆ ಮಾಡಿಸಲಿ. ಚುಚ್ಚುಮದ್ದನ್ನು ತರಿಸುವುದು ಬೇಡ.